ಕೀಲುವಾತಕ್ಕೆ ಮಣ್ಣು: ಎರೆಮಣ್ಣೋ, ಡಬ್ಬಿ ಮಣ್ಣೋ, ಮೇಣವೋ?

ನಮ್ಮ ಸೀಮೆಯಲ್ಲಿ ಕೀಲುನೋವಿಗೆ ಮಣ್ಣು ಹಚ್ಚುವುದು ಹೊಸ ಸುದ್ದಿಯೇನಲ್ಲ. ಹುತ್ತದ ಮಣ್ಣನ್ನು ಬಿಸಿನೀರಲ್ಲಿ ಕಲಸಿ ಊದಿದ ಮಂಡಿಗೆ ಮೆತ್ತುವ ಅಜ್ಜಿಯರು ಜಗಳೂರು, ಚಳ್ಳಕೆರೆ ಕಡೆ ಈಗಲೂ ಸಿಗುತ್ತಾರೆ. ಹೊಸದು ಆಯ್ಕೆಗಳ ಸಂತೆ. ಫೋನಿನಲ್ಲಿ ಆರ್ಡರ್ ಮಾಡಿದರೆ ಮೃತ ಸಮುದ್ರದ ಮಣ್ಣು ಡಬ್ಬಿಯಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಪ್ರಕೃತಿ ಚಿಕಿತ್ಸಾಲಯದವರು ಹತ್ತು ದಿನ ಬಂದು ಇರಿ ಅನ್ನುತ್ತಾರೆ. ಆಯುರ್ವೇದದವರು ಮರಳಿನ ಗಂಟು ಕಾಯಿಸಿ ಶಾಖ ಕೊಡುತ್ತಾರೆ. ನಮ್ಮಂಥ ಫಿಸಿಯೋಥೆರಪಿಯವರು ಕರಗಿಸಿದ ಬಿಸಿ ಮೇಣದ ತೊಟ್ಟಿ ತೋರಿಸುತ್ತೇವೆ. ನಡುವೆ ಸಿಕ್ಕಿಕೊಂಡವರು ಕೇಳುವುದು ಒಂದೇ: "ಮೇಡಂ, ಮಣ್ಣು ಹಚ್ಚಿಕೊಂಡ್ರೆ ಗುಳಿಗೆ ಬಿಡಬೋದಾ?"

ಬಿಡಬಾರದು. ಉಳಿದದ್ದೆಲ್ಲ ಈ ಉತ್ತರದ ನಂತರದ ಮಾತು. ನನ್ನ ತೀರ್ಮಾನವನ್ನೂ ಈಗಲೇ ಹೇಳಿಬಿಡುತ್ತೇನೆ, ಓದಲು ಪುರುಸೊತ್ತಿಲ್ಲದವರಿಗೆ ಅಷ್ಟಾದರೂ ದಕ್ಕಲಿ. ಉರಿಯೂತದ ಕೀಲುವಾತದಲ್ಲಿ ಮಣ್ಣು ಮಾಡುವ ಕೆಲಸದ ಬಹುಪಾಲು ಶಾಖದ ಕೆಲಸ. ಬೆರಳು, ಮಣಿಕಟ್ಟಿನ ತೊಂದರೆಗೆ ಮೇಣ ಮೇಲು. ಮಂಡಿ, ಸೊಂಟ, ಹೆಗಲಿಗೆ ಬಿಸಿ ಮಣ್ಣು ಚೆನ್ನಾಗಿ ಒಗ್ಗುತ್ತದೆ. ಕೀಲು ಕೆಂಪಾಗಿ ಕಾದಿರುವ ದಿನಗಳಲ್ಲಿ ಎರಡೂ ಬೇಡ.

ಮೊದಲು ಕಾಯಿಲೆ ಯಾವುದು ಅಂತ ಗೊತ್ತಾಗಲಿ

ಕೀಲು ನೋಯುತ್ತದೆ ಅಂದ ಮಾತ್ರಕ್ಕೆ ಎಲ್ಲರದೂ ಒಂದೇ ಕಾಯಿಲೆ ಅಲ್ಲ. ವಯಸ್ಸಾಗಿ ಮಂಡಿ ಸವೆದವರಿಗೆ ಬೆಳಗ್ಗೆ ಎದ್ದಾಗ ಹಿಡಿದುಕೊಂಡಂತಾಗಿ, ಹತ್ತಿಪ್ಪತ್ತು ನಿಮಿಷ ಓಡಾಡಿದರೆ ಸಡಿಲವಾಗುತ್ತದೆ. ಸಂಜೆ ಹೊತ್ತಿಗೆ ನೋವು ಜಾಸ್ತಿ. ರುಮಟಾಯ್ಡ್ ಸಂಧಿವಾತದಲ್ಲಿ ಉಲ್ಟಾ. ಬೆಳಗಿನ ಬಿಗಿತ ಒಂದು ಗಂಟೆ ದಾಟಿದರೂ ಬಿಡುವುದಿಲ್ಲ. ಬೆರಳಿನ ಬುಡದ ಗಿಣ್ಣುಗಳು, ಮಣಿಕಟ್ಟು ಎರಡೂ ಕೈಯಲ್ಲಿ ಊದುತ್ತವೆ, ಒತ್ತಿದರೆ ಮೆತ್ತಗಿರುತ್ತವೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು ಬರುತ್ತದೆ. ನನ್ನ ಹತ್ತಿರ ಬರುವವರು ಬೆರಳು ತೋರಿಸುವ ಮೊದಲೇ ಹೇಳುವ ಮಾತು, "ರೊಟ್ಟಿ ತಟ್ಟೋಕೆ ಆಗ್ತಿಲ್ಲ." ನನ್ನ ಮಟ್ಟಿಗೆ ಅದು ಅರ್ಧ ರೋಗಪತ್ತೆ. ಉಳಿದರ್ಧಕ್ಕೆ ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ, ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆಗಳಿವೆ.

ಸೋರಿಯಾಸಿಸ್ ಜೊತೆ ಬರುವ ಕೀಲುವಾತ, ಹರೆಯದ ಹುಡುಗರ ಬೆನ್ನುಮೂಳೆ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಯೂರಿಕ್ ಆಸಿಡ್ ಹೆಚ್ಚಾಗಿ ಕಾಲಿನ ಹೆಬ್ಬೆಟ್ಟು ಉರಿಯುವ ಗೌಟ್ ಎಲ್ಲ ಬೇರೆ ಬೇರೆ. 2006ರಲ್ಲಿ ರಾಜ್ಯದ ತುಂಬ ಹಬ್ಬಿದ ಚಿಕುನ್‌ಗುನ್ಯಾ ಕಂಡವರಿಗೆ ಇನ್ನೊಂದೂ ಗೊತ್ತು: ಜ್ವರ ವಾರದಲ್ಲಿ ಹೋದರೂ ಕೀಲುನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ.

ನಮ್ಮ ಜಿಲ್ಲೆಗಳಲ್ಲಿ ನೆನಪಿಡಬೇಕಾದದ್ದು ಮತ್ತೊಂದಿದೆ, ಅದನ್ನು ಮರೆಯುವವರು ಬಹಳ. ಚಿತ್ರದುರ್ಗ ಜಿಲ್ಲೆಯ ಪೂರ್ವದ ತಾಲ್ಲೂಕುಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಹಳೆಯ ಸಮಸ್ಯೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬ ಮಿತಿಯಿದೆ. ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರಿಗೆ ಹಲ್ಲಿನ ಮೇಲೆ ಕಂದು ಕಲೆ, ಆಮೇಲೆ ಸೊಂಟ, ಕತ್ತು, ಮಂಡಿ ಬಿಗಿತ ಬರುತ್ತದೆ. ನೋಡಲು ಸಂಧಿವಾತದಂತೆಯೇ. ಇವರಿಗೆ ಮಣ್ಣಿನ ಶಾಖ ತುಸು ಹಿತ ಕೊಟ್ಟೀತು, ಆದರೆ ಬದಲಾಗಬೇಕಾದ್ದು ಕುಡಿಯುವ ನೀರು. ಬಿಗಿದ ಸೊಂಟದವರ ಹಲ್ಲು ನೋಡುವ ಅಭ್ಯಾಸ ನನಗಂತೂ ಅಂಟಿಕೊಂಡುಬಿಟ್ಟಿದೆ.

ಗುಳಿಗೆಯ ಜಾಗ ಗುಳಿಗೆಗೇ

ರುಮಟಾಯ್ಡ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಪೊರೆ ದಪ್ಪವಾಗಿ, ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. ಈ ಕೊರೆತ ತಡೆಯುವುದು ಮೆಥೋಟ್ರೆಕ್ಸೇಟ್, ಸಲ್ಫಾಸಲಜಿನ್, ಲೆಫ್ಲುನೊಮೈಡ್, ಹೈಡ್ರಾಕ್ಸಿಕ್ಲೋರೊಕ್ವಿನ್ ಥರದ ಔಷಧಗಳು. ಅವು ಸಾಲದಿದ್ದರೆ ಬಯೋಲಾಜಿಕ್ ಇಂಜೆಕ್ಷನ್‌ಗಳು. ಲಕ್ಷಣ ಶುರುವಾದ ಮೊದಲ ಕೆಲವು ತಿಂಗಳಲ್ಲೇ ಇವನ್ನು ಆರಂಭಿಸಿದವರ ಕೈ ಸೊಟ್ಟಗಾಗುವುದು ತಪ್ಪುವ ಸಾಧ್ಯತೆ ಹೆಚ್ಚು. ಆ ತಿಂಗಳುಗಳನ್ನು ಮಣ್ಣು, ಎಣ್ಣೆ, ಪಥ್ಯ ಅಂತ ಕಳೆದುಬಿಟ್ಟರೆ ಹೋದ ಮೂಳೆ ತಿರುಗಿ ಬರುವುದಿಲ್ಲ.

ಮೆಥೋಟ್ರೆಕ್ಸೇಟ್ ಬಗ್ಗೆ ಒಂದು ಮಾತು, ವಿಷಯ ಬಿಟ್ಟು ಹೋದರೂ ಪರವಾಗಿಲ್ಲ. ಕೀಲುವಾತಕ್ಕೆ ಅದು ವಾರಕ್ಕೊಂದು ದಿನ ಮಾತ್ರ ತೆಗೆದುಕೊಳ್ಳುವ ಔಷಧ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಚೀಟಿಯ ಮೇಲೆ "ಸೋಮವಾರ" ಅಂತ ದೊಡ್ಡದಾಗಿ ಕನ್ನಡದಲ್ಲಿ ಬರೆಸಿಕೊಳ್ಳಿ. ಜೊತೆಗೆ ಫೋಲಿಕ್ ಆಸಿಡ್, ಆಗಾಗ ರಕ್ತ ಮತ್ತು ಲಿವರ್ ಪರೀಕ್ಷೆ ಇದ್ದೇ ಇರುತ್ತದೆ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಮೊದಲೇ ಡಾಕ್ಟರಿಗೆ ಹೇಳಬೇಕು.

ಹೊನ್ನಾಳಿ ಕಡೆಯ ಒಬ್ಬ ಹೆಣ್ಣುಮಗಳು ಒಂದು ಚಿಕಿತ್ಸಾ ಶಿಬಿರಕ್ಕೆ ಹೋಗಿದ್ದರು. "ಎಲ್ಲಾ ಇಂಗ್ಲಿಷ್ ಔಷಧಿ ನಿಲ್ಲಿಸಿ ಬನ್ನಿ, ಇಲ್ಲಾಂದ್ರೆ ಮಣ್ಣು ಕೆಲಸ ಮಾಡಲ್ಲ" ಅಂದರಂತೆ. ಶಿಬಿರದಲ್ಲಿದ್ದಷ್ಟು ದಿನ ಹಗುರವೆನಿಸಿತ್ತು. ಮನೆಗೆ ಬಂದ ಮೇಲೆ ಎರಡೂ ಮಣಿಕಟ್ಟು ಊದಿ, ಚೊಂಬು ಹಿಡಿಯಲಾರದೆ ನಮ್ಮಲ್ಲಿಗೆ ಬಂದರು. ಗುಳಿಗೆ ನಿಲ್ಲಿಸಿದರೆ ಮಾತ್ರ ಮಣ್ಣು ಕೆಲಸ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಮಣ್ಣಿನ ಮೇಲೆ ನಡೆದ ಒಳ್ಳೆಯ ಪರೀಕ್ಷೆಗಳಲ್ಲಿ ರೋಗಿಗಳು ತಮ್ಮ ಎಂದಿನ ಔಷಧಿಯನ್ನು ಮುಂದುವರಿಸಿಕೊಂಡೇ ಮಣ್ಣು ಹಚ್ಚಿಸಿಕೊಂಡವರು.

ಎರಡು ಮಣ್ಣು, ಎರಡು ಮನೆತನ

ಹೋಲಿಕೆಯಲ್ಲಿ ಎಲ್ಲರೂ ಎಡವುವುದು ಇಲ್ಲಿ. ಮಣ್ಣಿನ ಚಿಕಿತ್ಸೆ ಅನ್ನುವ ಒಂದೇ ಹೆಸರಿನಡಿ ಎರಡು ಬೇರೆ ಪದ್ಧತಿಗಳಿವೆ.

ನಮ್ಮ ಪ್ರಕೃತಿ ಚಿಕಿತ್ಸೆಯ ಮಣ್ಣು ಬಂದದ್ದು ಜರ್ಮನಿಯ ಅಡಾಲ್ಫ್ ಜಸ್ಟ್ ಕಡೆಯಿಂದ, ಗಾಂಧೀಜಿ ಕೈ ಹಾದು. ಗಾಂಧೀಜಿ ಮಲಬದ್ಧತೆಗೂ ತಲೆನೋವಿಗೂ ಒದ್ದೆ ಮಣ್ಣಿನ ಪಟ್ಟಿ ಹಾಕಿಕೊಳ್ಳುತ್ತಿದ್ದರು, ಬೇರೆಯವರಿಗೂ ಹೇಳುತ್ತಿದ್ದರು. ಅದು ತಣ್ಣನೆಯ ಮಣ್ಣು. ಹೊಟ್ಟೆ, ಹಣೆ, ಕಣ್ಣಿನ ಮೇಲೆ ಇಡುವಂಥದ್ದು. ಈಗಲೂ ಪ್ರಕೃತಿ ಚಿಕಿತ್ಸಾಲಯಗಳಲ್ಲಿ ದಿನ ಶುರುವಾಗುವುದು ಬಹುತೇಕ ಈ ತಣ್ಣನೆ ಪಟ್ಟಿಯಿಂದಲೇ.

ಯೂರೋಪಿನ ವಾತರೋಗದ ಮಣ್ಣು ಬಿಸಿ. ಇಟಲಿಯ ಆಬಾನೊ ಎಂಬ ಊರಿನಲ್ಲಿ ಜೇಡಿಯನ್ನು ಬಿಸಿನೀರ ಬುಗ್ಗೆಯ ನೀರಿನಲ್ಲಿ ಸುಮಾರು ಎರಡು ತಿಂಗಳು ಕಳಿಯಬಿಡುತ್ತಾರೆ. ಅದರ ಮೇಲೆ ಹಸಿರು ಪಾಚಿಯಂಥ ಸಯನೋಬ್ಯಾಕ್ಟೀರಿಯಾ ಪದರ ಬೆಳೆಯುತ್ತದೆ. ಆ ಜೀವಿಗಳು ಉತ್ಪಾದಿಸುವ ಕೊಬ್ಬಿನಂಥ ವಸ್ತುಗಳಿಗೆ ಉರಿಯೂತ ತಗ್ಗಿಸುವ ಗುಣವಿದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಸ್ಲೊವಾಕಿಯಾದ ಪಿಯೆಶ್ಟ್ಯಾನಿಯಲ್ಲಿ ಗಂಧಕದ ಕೆಸರು. ಊರುಗೋಲನ್ನು ಮಂಡಿಗೆ ಕೊಟ್ಟು ಮುರಿಯುವ ಮನುಷ್ಯನ ಪ್ರತಿಮೆಯೇ ಆ ಊರಿನ ಗುರುತು. ಉತ್ತರದ ದೇಶಗಳಲ್ಲಿ ಗಿಡಗಂಟಿ ಕೊಳೆತು ಆದ ಪೀಟ್ ಕೆಸರು, ಅದರಲ್ಲಿ ಹ್ಯೂಮಿಕ್ ಆಮ್ಲಗಳು ಹೆಚ್ಚು. ಮೃತ ಸಮುದ್ರದ ಮಣ್ಣಿನಲ್ಲಿ ಮೆಗ್ನೀಸಿಯಂ ಮತ್ತಿತರ ಲವಣಗಳು, ಗಂಧಕದ ಸಂಯುಕ್ತಗಳು. ಇವೆಲ್ಲವನ್ನೂ ಸುಮಾರು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ 15–20 ನಿಮಿಷ ಹಚ್ಚುತ್ತಾರೆ.

ಸಂಧಿವಾತಕ್ಕೆ ಫಲ ಸಿಕ್ಕಿತು ಎಂದು ಓದುವ ವರದಿಗಳು ಹೆಚ್ಚಿನಂಶ ಈ ಎರಡನೇ ಮನೆತನದವು. ಜನ ಓದುವುದು ಅದನ್ನು, ಹೋಗಿ ಹಚ್ಚಿಸಿಕೊಳ್ಳುವುದು ಮೊದಲನೆಯದನ್ನು. ಬೆಳಗ್ಗೆ ಬೆರಳು ಮಡಚಲಾಗದವರ ಕೈಗೆ ಬೆಳಬೆಳಗ್ಗೆಯೇ ತಣ್ಣನೆ ಮಣ್ಣು ಮೆತ್ತಿದರೆ ಬಿಗಿತ ಹೆಚ್ಚಿದರೆ ಆಶ್ಚರ್ಯವೇನು?

ಪರೀಕ್ಷೆಗಳು ಎಲ್ಲಿಯವರೆಗೆ ಹೇಳುತ್ತವೆ

1990ರ ದಶಕದ ಆರಂಭದಲ್ಲಿ ಇಸ್ರೇಲಿನ ವೈದ್ಯರು ರುಮಟಾಯ್ಡ್ ರೋಗಿಗಳಿಗೆ ಮೃತ ಸಮುದ್ರದ ಬಿಸಿ ಮಣ್ಣನ್ನು ಎರಡು ವಾರ, ದಿನಕ್ಕೊಮ್ಮೆ ಹಚ್ಚಿ ನೋಡಿದರು. ನೋವು, ಬಿಗಿತ ತಗ್ಗಿತು, ಆ ಸುಧಾರಣೆ ಒಂದರಿಂದ ಮೂರು ತಿಂಗಳು ಉಳಿಯಿತು. ಆದರೆ ಗುಂಪು ಸಣ್ಣದು. ರೋಗಿಗಳು ಮನೆ, ಹೊಲ, ಒಲೆ ಬಿಟ್ಟು ಬಿಸಿಲಿನ ಊರಿನಲ್ಲಿ ಎರಡು ವಾರ ಆರಾಮಾಗಿದ್ದರು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅದಕ್ಕಿಂತ ಜಾಣತನದ ಪರೀಕ್ಷೆ ಆಮೇಲೆ ಬಂತು. ಕೈಗೆ ಮನೆಯಲ್ಲೇ ಹಚ್ಚಿಕೊಳ್ಳುವ ಮಣ್ಣು, ಒಟ್ಟು 45 ರೋಗಿಗಳು. ಅರ್ಧ ಜನಕ್ಕೆ ಅಸಲಿ ಮೃತ ಸಮುದ್ರದ ಮಣ್ಣು, ಉಳಿದವರಿಗೆ ಸತ್ವ ಕಡಿಮೆ ಮಾಡಿದ ಮಣ್ಣು; ಯಾರದು ಯಾವುದು ಎಂದು ಅವರಿಗೆ ಗೊತ್ತಿಲ್ಲ. ಮಣ್ಣಿನೊಳಗಿನ ಲವಣವೇ ಕೆಲಸ ಮಾಡುತ್ತದೋ ಬರೀ ಶಾಖವೋ ಎಂದು ನೋಡಲು ಇದೇ ಸರಿಯಾದ ದಾರಿ. ಸ್ನಾನ ಮತ್ತು ಮಣ್ಣಿನ ಚಿಕಿತ್ಸೆ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಅಳೆದ 2015ರ ಕಾಕ್ರೇನ್ ವಿಮರ್ಶೆ ಇದನ್ನೂ ಪರಿಶೀಲಿಸಿತು. ನೋವಿನಲ್ಲಿ, ಊತದಲ್ಲಿ ಎರಡು ಗುಂಪಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒತ್ತಿದರೆ ನೋಯುವ ಕೀಲುಗಳ ಸಂಖ್ಯೆ ಅಸಲಿ ಮಣ್ಣಿನ ಗುಂಪಿನಲ್ಲಿ ತುಸು ಕಡಿಮೆಯಾಗಿತ್ತು, ಅದೂ ಬಹಳ ದುರ್ಬಲ ಪುರಾವೆ. ಆ ವಿಮರ್ಶೆಯಲ್ಲಿ ಸಿಕ್ಕಿದ್ದೇ ಒಟ್ಟು 9 ಅಧ್ಯಯನ, 579 ಜನ. ಇಷ್ಟರ ಮೇಲೆ ಮಣ್ಣು ಕೀಲುವಾತ ವಾಸಿ ಮಾಡುತ್ತದೆ ಅನ್ನಲಾಗದು ಎಂದೇ ಅದರ ತೀರ್ಪು.

ಹಾಗಾದರೆ ಮಣ್ಣಿನ ಸಂಯುಕ್ತಗಳೆಲ್ಲ ಸುಳ್ಳೇ? ಹಾಗೂ ಅಲ್ಲ. ಪ್ರಯೋಗಾಲಯದ ಬಟ್ಟಲಿನಲ್ಲಿ ಕೆಲಸ ಮಾಡಿದ ವಸ್ತು ಚರ್ಮ ದಾಟಿ ಕೀಲಿನವರೆಗೆ ಎಷ್ಟು ಹೋದೀತು ಎನ್ನುವುದೇ ಪ್ರಶ್ನೆ. ಚರ್ಮದ ಹೊರಪದರ ಇರುವುದೇ ಹೊರಗಿನದನ್ನು ತಡೆಯಲು, ಲವಣಗಳನ್ನು ಅದು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಗಂಧಕದ ಅನಿಲ, ಕೊಬ್ಬಿನಲ್ಲಿ ಕರಗುವ ಅಣುಗಳು ಹೆಚ್ಚು ಸಲೀಸಾಗಿ ದಾಟುತ್ತವೆ. ಮುಂದೆ ಯಾರಾದರೂ ಅಂಥದ್ದನ್ನು ಬೇರ್ಪಡಿಸಿ ಮುಲಾಮು ಮಾಡಿದರೆ ಆಗ ಆ ಮುಲಾಮನ್ನು ಪರೀಕ್ಷಿಸಿ ನೋಡಬಹುದು. ಈಗ ಡಬ್ಬಿಯಲ್ಲಿ ಸಿಗುವ ಮಣ್ಣಿಗೆ ಆ ಭರವಸೆಯ ಬೆಲೆ ತೆರುವುದು ದಂಡ.

ಎರೆಮಣ್ಣು, ಹುತ್ತದ ಮಣ್ಣು, ಡಬ್ಬಿ ಮಣ್ಣು

ದಾವಣಗೆರೆಯ ಎರೆ ಹೊಲಗಳ ಕಪ್ಪು ಮಣ್ಣಿನಲ್ಲಿ ಇರುವುದು ಮಾಂಟ್‌ಮೊರಿಲ್ಲೊನೈಟ್ ಜಾತಿಯ ಜೇಡಿ. ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಎರೆ ಹೊಲದಲ್ಲಿ ಮನೆ ಕಟ್ಟಿ ಗೋಡೆ ಸೀಳಿಸಿಕೊಂಡವರಿಗೆ ಇದರ ಗುಣ ಚೆನ್ನಾಗಿ ಗೊತ್ತು. ಚಿಕಿತ್ಸೆಗೆ ಬೇಕಾದ್ದೂ ಇದೇ ಗುಣ. ತುಂಬ ನೀರು ಹಿಡಿಯುವ ಮಣ್ಣು ಶಾಖವನ್ನು ನಿಧಾನಕ್ಕೆ ಬಿಟ್ಟುಕೊಡುತ್ತದೆ. ಬಿಸಿನೀರ ಬಟ್ಟೆ ಐದು ನಿಮಿಷಕ್ಕೆ ಆರಿದರೆ ಬೆರಳು ದಪ್ಪದ ಎರೆಮಣ್ಣಿನ ಪಟ್ಟಿ ಇಪ್ಪತ್ತು ನಿಮಿಷವಾದರೂ ಬೆಚ್ಚಗಿರುತ್ತದೆ. ಪೇಟೆಯಲ್ಲಿ ಸಿಗುವ ಬೆಂಟೊನೈಟ್ ಇದೇ ಬಳಗದ್ದು, ಮುಲ್ತಾನಿ ಮಿಟ್ಟಿಯೂ ಇದರ ಸಂಬಂಧಿಯೇ. ಕೆಂಪು ಮಣ್ಣಿನ ಜೇಡಿ ಬೇರೆ ಜಾತಿ. ಅಷ್ಟು ನೀರು ಹಿಡಿಯುವುದಿಲ್ಲ, ಬೇಗ ಉದುರುತ್ತದೆ. ಹುತ್ತದ ಮಣ್ಣು ಬಲು ನಯ, ಕಲ್ಲಿಲ್ಲ, ಚೆನ್ನಾಗಿ ಮೆತ್ತಿಕೊಳ್ಳುತ್ತದೆ. ಆಯುರ್ವೇದದಲ್ಲೂ ತೊಡೆ ಸೆಟೆದುಕೊಳ್ಳುವ ಊರುಸ್ತಂಭಕ್ಕೆ ಹುತ್ತದ ಮಣ್ಣಿನ ಲೇಪ ಹೇಳಿದೆ. ಪೂಜೆ ಮಾಡುವ ಹುತ್ತವನ್ನು ಕೆಡವಿ ತಂದು ಊರವರ ಜೊತೆ ಜಗಳ ಕಟ್ಟಿಕೊಳ್ಳಬೇಡಿ ಅಷ್ಟೇ. ಒಳಗಿರುವ ಹಾವಿನ ವಿಷಯ ನಾನು ಹೇಳಬೇಕಿಲ್ಲ.

ಅಂದರೆ ಶಾಖ ಹೊರುವ ಕೆಲಸದಲ್ಲಿ ನಮ್ಮ ಎರೆಮಣ್ಣು ಪರದೇಶದ ಡಬ್ಬಿಗೆ ಸೋಲಬೇಕಾಗಿಲ್ಲ. ಸೋಲುವುದು ಶುಚಿಯಲ್ಲಿ. ಭದ್ರಾ ನಾಲೆಯ ಭತ್ತದ ಗದ್ದೆಗೆ, ಮೆಕ್ಕೆಜೋಳದ ಹೊಲಕ್ಕೆ ಎಷ್ಟು ಔಷಧಿ ಹೊಡೆಯುತ್ತಾರೆಂದು ಇಲ್ಲಿಯವರಿಗೆ ಗೊತ್ತು. ಊರ ಕೆರೆಯ ಹೂಳಿಗೆ ಚರಂಡಿಯೂ ಸೇರಿರುತ್ತದೆ. ಗಣಿಗಾರಿಕೆಯ ಪ್ರದೇಶಗಳ, ಹೊಳಲ್ಕೆರೆ–ಹೊಸದುರ್ಗ ಕಡೆಯ ಗುಡ್ಡದಡಿಯ ಮಣ್ಣನ್ನು ಮೈಗೆ ಹಚ್ಚಲು ನಾನು ಹೇಳಲಾರೆ. ಧನುರ್ವಾಯುವಿನ ಬೀಜಾಣು ಸಾಮಾನ್ಯ ಮಣ್ಣಿನಲ್ಲೇ ಇರುತ್ತದೆ, ಕುದಿಸಿದರೂ ಸಾಯುವುದಿಲ್ಲ. ಗೀರು, ಹುಣ್ಣು, ಸೀಳಿದ ಹಿಮ್ಮಡಿ ಇದ್ದರೆ ಹೊಲದ ಮಣ್ಣು ಬೇಡವೇ ಬೇಡ. ಬಯೋಲಾಜಿಕ್ ಇಂಜೆಕ್ಷನ್, ಹೆಚ್ಚಿನ ಸ್ಟಿರಾಯ್ಡ್ ತೆಗೆದುಕೊಳ್ಳುವವರೂ ಹಸಿ ಮಣ್ಣಿನಿಂದ ದೂರವಿರಲಿ, ಅವರ ಸೋಂಕು ತಡೆಯುವ ಶಕ್ತಿ ಮೊದಲೇ ಕಡಿಮೆ.

ಬೇಕೇಬೇಕೆಂದರೆ ಬೇಸಾಯ ಮಾಡದ ಜಾಗದಲ್ಲಿ ಮೂರು ನಾಲ್ಕು ಅಡಿ ಆಳದಿಂದ ತೆಗೆದ ಮಣ್ಣು, ಹಲವು ದಿನ ಬಿಸಿಲಿಗೆ ಹರಡಿ, ಕುಟ್ಟಿ, ಜರಡಿ ಹಿಡಿದದ್ದು. ಇಷ್ಟು ರಗಳೆ ಯಾರಿಗೆ ಬೇಕು ಅನ್ನುವವರಿಗೆ ಪೇಟೆಯ ಬೆಂಟೊನೈಟ್ ಪುಡಿ ಸುಲಭ. ಮೃತ ಸಮುದ್ರದ ಡಬ್ಬಿ ಕೊಳ್ಳುವವರು ಮಾತ್ರ ಲೇಬಲ್ ತಿರುಗಿಸಿ ನೋಡಿ. ಇಂಥ ಮಣ್ಣು ಮಾರುಕಟ್ಟೆಗೆ ಬರುವುದು ಸಾಮಾನ್ಯವಾಗಿ ಕಾಸ್ಮೆಟಿಕ್ ಅಂತ, ಮುಖಕ್ಕೆ ಹಚ್ಚುವ ಲೆಕ್ಕದಲ್ಲಿ. ಎರಡೂ ಮಂಡಿಗೆ ದಪ್ಪಗೆ ಮೆತ್ತಿದರೆ ಒಂದು ಡಬ್ಬಿ ಎಷ್ಟು ಸಲಕ್ಕೆ ಬಂದೀತು ಎಂದು ತೂಕ ನೋಡಿ ಅಂದಾಜು ಮಾಡಿ, ಆಮೇಲೆ ಆರ್ಡರ್ ಒತ್ತಿ. ಸೋರಿಯಾಸಿಸ್ ಇರುವವರಿಗೆ ಒಡೆದ ಚರ್ಮದ ಮೇಲೆ ಆ ಉಪ್ಪು ಉರಿಯುತ್ತದೆ.

ಹತ್ತು ದಿನದ ವಾಸ

ಧರ್ಮಸ್ಥಳದ ಶಾಂತಿವನ, ಬೆಂಗಳೂರು ತುಮಕೂರು ರಸ್ತೆಯ ಜಿಂದಾಲ್ ಥರದ ಪ್ರಕೃತಿ ಚಿಕಿತ್ಸಾಲಯಗಳಿಗೆ ನಮ್ಮೂರಿಂದ ಹೋಗುವವರು ಇದ್ದಾರೆ. ಅಲ್ಲಿ ಮಣ್ಣಿನ ಜೊತೆ ಪಥ್ಯ, ಉಪವಾಸ, ಯೋಗ, ನೀರಿನ ಚಿಕಿತ್ಸೆ, ನಿದ್ದೆ ಎಲ್ಲ ಸೇರಿರುತ್ತದೆ. ಬಂದವರು ಗೆಲುವಾಗಿರುವುದನ್ನು ನಾನೂ ಕಂಡಿದ್ದೇನೆ, ಆದರೆ ಆ ಗೆಲುವಿನಲ್ಲಿ ಮಣ್ಣಿನ ಪಾಲೆಷ್ಟು? 1991ರಲ್ಲಿ ಪ್ರಕಟವಾದ ನಾರ್ವೆಯ ಪರೀಕ್ಷೆಯಲ್ಲಿ ರುಮಟಾಯ್ಡ್ ರೋಗಿಗಳಿಗೆ 7–10 ದಿನ ಉಪವಾಸ ಮಾಡಿಸಿ, ಆಮೇಲೆ ವರ್ಷದವರೆಗೆ ಸಸ್ಯಾಹಾರ ಕೊಟ್ಟಾಗ ಮಣ್ಣಿಲ್ಲದೆಯೇ ಸುಧಾರಣೆ ಕಂಡಿತ್ತು. ಅಂಥ ಕಡೆ ಹೋಗುವ ಮನಸ್ಸಿದ್ದರೆ ವಿಶ್ರಾಂತಿ, ಊಟದ ಶಿಸ್ತಿಗಾಗಿ ಹೋಗಿ. ಬರೀ ಮಣ್ಣಿಗಾಗಿ ಅಷ್ಟು ದೂರ, ಅಷ್ಟು ಖರ್ಚು ಬೇಕಿಲ್ಲ.

ಸೇರುವ ಮೊದಲು ಫೋನಿನಲ್ಲೇ ಕೇಳಿ: ನೋಡುವವರು ಐದೂವರೆ ವರ್ಷ ಓದಿದ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ, ಯೋಗದ ಪದವಿ) ವೈದ್ಯರೋ ಅಲ್ಲವೋ, ಕೀಲಿಗೆ ಹಚ್ಚುವುದು ಬಿಸಿ ಮಣ್ಣೋ ತಣ್ಣನೆಯದೋ, ಕೀಲುವಾತದ ಗುಳಿಗೆ ಮುಂದುವರಿಸಲು ಬಿಡುತ್ತಾರೋ ಇಲ್ಲವೋ. ಸಕ್ಕರೆ ಕಾಯಿಲೆ ಇದ್ದವರು ಉಪವಾಸದ ವಿಷಯ ತಮ್ಮ ಡಾಕ್ಟರ್ ಹತ್ತಿರ ಮಾತಾಡದೆ ಬಸ್ಸು ಹತ್ತಬಾರದು.

ಮೇಣದ ತೊಟ್ಟಿ

ಇದರ ಬಗ್ಗೆ ನಾನು ಪಕ್ಷಪಾತಿ, ಒಪ್ಪಿಕೊಳ್ಳುತ್ತೇನೆ. ಪ್ಯಾರಾಫಿನ್ ಮೇಣಕ್ಕೆ ಲಿಕ್ವಿಡ್ ಪ್ಯಾರಾಫಿನ್ ಬೆರೆಸಿ 52–54 ಡಿಗ್ರಿಯಲ್ಲಿ ಕರಗಿಸಿಡುತ್ತಾರೆ. ಅಷ್ಟೇ ಬಿಸಿಯ ನೀರಿಗೆ ಕೈ ಇಟ್ಟರೆ ಬೊಬ್ಬೆ ಬರುತ್ತದೆ. ಮೇಣ ಶಾಖವನ್ನು ನಿಧಾನಕ್ಕೆ ದಾಟಿಸುವುದರಿಂದ ತಡೆದುಕೊಳ್ಳಬಹುದು. ಕೈ ಅದ್ದಿ ತೆಗೆಯುವುದು, ಪದರ ಬಿಳಿಚಿಕೊಂಡ ಮೇಲೆ ಮತ್ತೆ ಅದ್ದುವುದು, ಹೀಗೆ ಆರೇಳು ಸಲ. ಮೇಣದ ಗವಸಿನ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಟವೆಲ್, ಹದಿನೈದು ಇಪ್ಪತ್ತು ನಿಮಿಷ. ಆಮೇಲೆ ಮಣಿಕಟ್ಟಿನಿಂದ ಸುಲಿದರೆ ಇಡೀ ಗವಸು ಒಂದೇ ತುಂಡಾಗಿ ಕಳಚುತ್ತದೆ. ಅದನ್ನು ಎಸೆಯುವುದಿಲ್ಲ. ಬೆಚ್ಚಗಿರುವಾಗಲೇ ಉಂಡೆ ಕಟ್ಟಿ ಅಂಗೈಯಲ್ಲಿ ಹಿಸುಕುವುದು, ಬೆರಳು ಒಂದೊಂದಾಗಿ ಒತ್ತುವುದು. ಬಿಗಿತ ಸಡಿಲವಾದ ಆ ಹತ್ತು ನಿಮಿಷದಲ್ಲಿ ಮಾಡುವ ವ್ಯಾಯಾಮವೇ ಅಸಲಿ ಲಾಭ. ಮೇಣದ ಜೊತೆ ವ್ಯಾಯಾಮ ಸೇರಿದರೆ ರುಮಟಾಯ್ಡ್ ಕೈಗಳಿಗೆ ಸ್ವಲ್ಪ ಕಾಲದ ಮಟ್ಟಿಗೆ ಪ್ರಯೋಜನವಿದೆ ಎಂದು ಶಾಖ ಚಿಕಿತ್ಸೆಯ ಇನ್ನೊಂದು ಕಾಕ್ರೇನ್ ವಿಮರ್ಶೆಯೂ ಹೇಳಿತ್ತು.

ಕೈಗೆ ಮಣ್ಣು ಹಚ್ಚಿದರೆ ಏನಾಗುತ್ತದೆ ನೋಡಿ. ಮೊದಲು ಮಣ್ಣು ನಾದಬೇಕು. ರೊಟ್ಟಿ ಹಿಟ್ಟು ನಾದಲಾರದ ಕೈ ಎರೆಮಣ್ಣು ನಾದೀತೇ? ಸೊಸೆಯೋ ಮಗಳೋ ನಾದಿ ಕೊಡಬೇಕು, ಹಚ್ಚಬೇಕು. ಬೆರಳ ಸಂದಿಯಲ್ಲಿ ಒಣಗಿದ ಎರೆ ಬಿಡಿಸಲು ಎರಡು ಬಕೆಟ್ ಬಿಸಿನೀರು, ಜೊತೆಗೆ ತಿಕ್ಕಾಟ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಚಿತ್ರದುರ್ಗದ ಬೀದಿಗಳಲ್ಲಿ ಇದು ನಡೆಯುವ ಮಾತೇ ಅಲ್ಲ. ಮೂರು ದಿನ ಉಮೇದಿನಲ್ಲಿ ಮಾಡಿ ನಾಲ್ಕನೇ ದಿನ ಬಿಡುತ್ತಾರೆ. ಮೇಣಕ್ಕೆ ನೀರೇ ಬೇಡ, ಇನ್ನೊಬ್ಬರ ಕೈಯೂ ಬೇಡ.

ಮನೆಗೆ ಮೇಣದ ಯಂತ್ರ ತರುವವರು ಥರ್ಮೋಸ್ಟಾಟ್ ಇರುವುದನ್ನೇ ತನ್ನಿ. ಗ್ಯಾಸ್ ಒಲೆಯ ಮೇಲೆ ಪಾತ್ರೆಯಿಟ್ಟು ಮೇಣ ಕಾಯಿಸಿದರೆ ಬೆಂಕಿ ಹತ್ತಬಹುದು.

ಮರಳಿನ ಗಂಟು, ಐಸು

ಆಮವಾತದ (ರುಮಟಾಯ್ಡ್‌ಗೆ ಹತ್ತಿರದ ಕಾಯಿಲೆಗೆ ಆಯುರ್ವೇದದ ಹೆಸರು) ಆರಂಭದಲ್ಲಿ ಆಯುರ್ವೇದ ಎಣ್ಣೆ ತಿಕ್ಕಲು ಹೇಳುವುದಿಲ್ಲ, ಒಣ ಶಾಖ ಹೇಳುತ್ತದೆ. ಅದಕ್ಕೇ ಮರಳಿನ ಗಂಟು, ವಾಲುಕಾ ಸ್ವೇದ. ಊದಿದ ಕೀಲಿಗೆ ಯಾರೋ ಹೇಳಿದರೆಂದು ಎಣ್ಣೆ ಹಾಕಿ ಉಜ್ಜುವವರು ಈ ಮಾತು ಕೇಳಬೇಕು. ಮರಳು ಅಗ್ಗ, ಮೈ ಒದ್ದೆಯಾಗದು, ಬೇಗ ಮುಗಿಯುತ್ತದೆ. ಅಪಾಯವೂ ಅದರ ಶಾಖದಲ್ಲೇ ಇದೆ: ಮಂಡಕ್ಕಿ ಭಟ್ಟಿಯ ಬಾಣಲೆ ನೋಡಿದ ದಾವಣಗೆರೆಯವರಿಗೆ ಕಾದ ಮರಳು ಏನೆಂದು ಗೊತ್ತಲ್ಲ, ಗಂಟಿನೊಳಗಿನ ಮರಳೂ ಹಾಗೆಯೇ, ಬಟ್ಟೆಯ ಹೊರಗೆ ಹದವಾಗಿ ಕಂಡರೂ ಒಳಗೆ ಸುಡುತ್ತಿರುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಸುಟ್ಟ ಮೇಲೆಯೇ ತಿಳಿದುಕೊಳ್ಳುತ್ತಾರೆ.

ಕೀಲು ಮುಟ್ಟಿದರೆ ಬಿಸಿ, ಕೆಂಪು, ಹೊಸದಾಗಿ ಊದಿಕೊಂಡಿದೆ ಅಂದರೆ ಮೇಲಿನ ಯಾವ ಶಾಖವೂ ಬೇಡ. ಟವೆಲಿನಲ್ಲಿ ಸುತ್ತಿದ ಐಸು ಹತ್ತು ನಿಮಿಷ ಇಟ್ಟರೆ ಸಾಕು. ತಣ್ಣನೆ ಮಣ್ಣಿನ ಪಟ್ಟಿ ನಿಜಕ್ಕೂ ಒಗ್ಗುವುದು ಇಂಥ ದಿನದಲ್ಲಿ, ಅದೂ ದೊಡ್ಡ ಕೀಲಿಗೆ. ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ, ಜ್ವರವೂ ಬಂದರೆ ಕೀಲಿನೊಳಗೆ ಕೀವಾಗಿರಬಹುದು. ಆಗ ಮಣ್ಣು, ಮೇಣ, ಐಸು ಯಾವುದನ್ನೂ ಹುಡುಕದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಪುಡಿ, ಗುಳಿಗೆ ಕೊಟ್ಟು ವಾರದಲ್ಲಿ ನೋವು ಮಾಯ ಮಾಡುವ ಹೆಸರಿಲ್ಲದ ಪೊಟ್ಟಣಗಳಿಗೂ ಮಣ್ಣಿಗೂ ಸಂಬಂಧವಿಲ್ಲ, ಆದರೂ ಎರಡರ ಗಿರಾಕಿಗಳೂ ಅವರೇ. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ತಿಂಗಳುಗಟ್ಟಲೆ ತಿಂದು ಒಮ್ಮೆಲೇ ನಿಲ್ಲಿಸಿದರೆ ಅದೇ ಬೇರೆ ಗಂಡಾಂತರ. ಪೊಟ್ಟಣ ತೆಗೆದುಕೊಂಡು ಡಾಕ್ಟರಿಗೆ ತೋರಿಸಿ.

ಮಂಡಿಗೆ ಮನೆಯಲ್ಲೇ ಹಚ್ಚುವುದಾದರೆ

ಉರಿ ತಗ್ಗಿದ, ಬಿಗಿತ ಮಾತ್ರ ಉಳಿದ ಮಂಡಿ ಅಥವಾ ಸೊಂಟ, ಗುಳಿಗೆ ನಡೆಯುತ್ತಿದೆ, ಚರ್ಮ ಗಟ್ಟಿಯಾಗಿದೆ. ಮಣ್ಣಿಗೆ ಇದು ಸರಿಯಾದ ಜಾಗ. ಗರ್ಭಿಣಿಯರು, ಹೃದಯದ ತೊಂದರೆ ಅಥವಾ ಹತೋಟಿಗೆ ಬಾರದ ಬಿಪಿ ಇರುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದವರು, ಮೈಯಲ್ಲಿ ಜ್ವರವಿರುವವರು ಕೇಳದೆ ಮಾಡಬಾರದು.

ಪುಡಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಗಂಟಿಲ್ಲದೆ ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿಕೊಳ್ಳಿ. ಬಿಸಿನೀರಿನ ಪಾತ್ರೆಯೊಳಗೆ ಮಣ್ಣಿನ ಪಾತ್ರೆ ಇಟ್ಟು ಕಾಯಿಸಿ, ನೇರ ಉರಿಯ ಮೇಲಲ್ಲ. ನೇರ ಉರಿಯಲ್ಲಿ ತಳ ಸುಡುತ್ತದೆ, ಮೇಲೆ ತಣ್ಣಗಿರುತ್ತದೆ. ಚೆನ್ನಾಗಿ ತಿರುವಿ, ಥರ್ಮಾಮೀಟರ್ ಇದ್ದರೆ 40–42 ಡಿಗ್ರಿ ನೋಡಿ. ಇಲ್ಲದಿದ್ದರೆ ಹಚ್ಚುವವರು ತಮ್ಮ ಮೊಣಕೈ ಒಳಬದಿಗೆ ಇಟ್ಟು ನೋಡಲಿ. ಕೂಸಿಗೆ ನೀರೆರೆಯುವಾಗಿನ ಬಿಸಿಗಿಂತ ತುಸು ಹೆಚ್ಚಿದ್ದರೆ ಸರಿ. ಬೆರಳು ದಪ್ಪಕ್ಕೆ ಮೆತ್ತಿ ಪ್ಲಾಸ್ಟಿಕ್ ಹಾಳೆ ಸುತ್ತಿ. ಅದರ ಮೇಲೆ ಚಳ್ಳಕೆರೆ ಕಂಬಳಿ ಹೊದಿಸಿದರೆ ಯಾವ ಹೀಟಿಂಗ್ ಪ್ಯಾಡೂ ಬೇಡ. ಮೊದಲ ದಿನ ಹತ್ತೇ ನಿಮಿಷ. ತುರಿಕೆ, ದದ್ದು ಇಲ್ಲದಿದ್ದರೆ ಆಮೇಲೆ ಇಪ್ಪತ್ತರವರೆಗೆ. ಮಣ್ಣು ಒಣಗಿ ಚರ್ಮ ಎಳೆಯುವವರೆಗೆ ಬಿಡಬೇಡಿ. ತೊಳೆದು ಒರೆಸಿಕೊಂಡು, ಮಂಡಿ ಬೆಚ್ಚಗಿರುವಾಗಲೇ ಹತ್ತು ಸಲ ಮಡಚಿ ಚಾಚಿ.

ಎರಡು ಮೂರು ವಾರ, ವಾರಕ್ಕೆ ನಾಲ್ಕೈದು ಸಲ ಮಾಡಿ ನೋಡಿ. ಬೆಳಗಿನ ಬಿಗಿತ ಎಷ್ಟು ನಿಮಿಷಕ್ಕೆ ಬಿಡುತ್ತದೆ ಎಂದು ಕ್ಯಾಲೆಂಡರಿನಲ್ಲಿ ಬರೆಯುತ್ತಾ ಹೋಗಿ. ಸಂಖ್ಯೆ ಇಳಿಯದಿದ್ದರೆ ಮಣ್ಣು ಬಿಡಿ. ಬಿಗಿತ ಏರುತ್ತಾ ಹೋದರೆ ಅದು ಗುಳಿಗೆಯ ಪ್ರಮಾಣದ ಪ್ರಶ್ನೆ. ಆ ಕ್ಯಾಲೆಂಡರ್ ಹಾಳೆಯನ್ನೇ ಡಾಕ್ಟರ್ ಮುಂದೆ ಇಡಿ.

ಒಮ್ಮೆ ಹಚ್ಚಿದ ಮಣ್ಣನ್ನು ಮತ್ತೆ ಹಚ್ಚಬೇಡಿ, ಮನೆಮಂದಿಗೆ ಹಂಚಲೂ ಬೇಡಿ. ಬಚ್ಚಲಿಗೂ ಸುರಿಯಬೇಡಿ. ಎರೆಮಣ್ಣು ಪೈಪಿನೊಳಗೆ ಉಬ್ಬಿ ಕೂತರೆ ಪ್ಲಂಬರ್ ಕೂಲಿ ಮೇಣದ ಯಂತ್ರದ ಬೆಲೆಗೆ ಹತ್ತಿರ ಬರುತ್ತದೆ. ತೆಂಗಿನ ಮರ ಇದ್ದರೆ ಅದರ ಬುಡಕ್ಕೆ ಹಾಕಿ.